ಯಕೃತ್ತಿನ ಕೆಲಸವನ್ನು ಕಣ್ಣಾರೆ ಕಾಣುವ ಬಗೆ

ಮಾನವ ಶರೀರದ ಅವಯವಗಳಲ್ಲಿ ಹೃದಯಕ್ಕೆ ಸಂದಿರುವ ಗೌರವ ಯಕೃತ್ತಿಗೆ ಸಂದಿಲ್ಲ. ಹೃದಯದ ಬಡಿತ ನಮ್ಮ ಅನುಭವಕ್ಕೆ ಬರುತ್ತದೆ. ಶ್ವಾಸಕೋಶಗಳ ಏರಿಳಿತ ಕಣ್ಣಿಗೆ ಕಾಣುತ್ತದೆ. ಜಠರವು ಹಸಿವಿನ ಮೂಲಕ ದಿನಕ್ಕೆ ಹಲವು ಬಾರಿ ತನ್ನ ಇರವನ್ನು ಸಾರುತ್ತದೆ. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ನೆಲೆಸಿರುವ ಯಕೃತ್ತು ಮಾತ್ರ ಸದ್ದಿಲ್ಲದೆ ದುಡಿಯುತ್ತದೆ. ಅದು ಕೆಡುವುದೂ ಸದ್ದಿಲ್ಲದೆಯೇ. ಪಿತ್ತಜನಕಾಂಗವೆಂದೂ ಕರೆಯಲ್ಪಡುವ ಈ ಅವಯವವು ತನ್ನ ಶಕ್ತಿಯ ಬಹುಭಾಗವನ್ನು ಕಳೆದುಕೊಂಡ ಮೇಲೆಯೇ ಅನೇಕ ವೇಳೆ ರೋಗಿಗೆ ಅದರ ಅರಿವಾಗುತ್ತದೆ.

ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಯಕೃತ್ತಿನ ಮೂಲಕ ನಿಮಿಷವೊಂದಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಹರಿಯುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ, ಉಳಿದದ್ದು ಅಪಧಮನಿಯದು. ನಾವು ಉಂಡ ಅನ್ನದ ಸಾರದ ಬಹುಪಾಲು ಮೊದಲು ಇಲ್ಲಿಗೆ ಬಂದು, ಇಲ್ಲಿನ ಜೀವಕೋಶಗಳ ಪರಿಶೀಲನೆಗೆ ಒಳಗಾಗಿ, ಆನಂತರ ದೇಹಕ್ಕೆ ಹಂಚಿಕೆಯಾಗುತ್ತದೆ. ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನೂ ಅಲ್ಬುಮಿನ್ ಎಂಬ ಸಸಾರಜನಕವನ್ನೂ ತಯಾರಿಸುವುದು, ವಿಷಕಾರಿಯಾದ ಅಮೋನಿಯವನ್ನು ಯೂರಿಯವಾಗಿ ಪರಿವರ್ತಿಸುವುದು, ಪಿತ್ತರಸವನ್ನು ಸ್ರವಿಸುವುದು, ಇವೆಲ್ಲವೂ ಯಕೃತ್ತಿನ ನಿತ್ಯದ ಹೊಣೆಗಳು. ಮೂತ್ರಪಿಂಡಗಳು ಸೋತರೆ ಡಯಾಲಿಸಿಸ್ ಯಂತ್ರವಿದೆ. ಯಕೃತ್ತಿನ ಎಲ್ಲ ಕೆಲಸಗಳನ್ನೂ ದೀರ್ಘಕಾಲ ನಿರ್ವಹಿಸಬಲ್ಲ ಯಂತ್ರವನ್ನು ಮಾನವನು ಇನ್ನೂ ನಿರ್ಮಿಸಿಲ್ಲ.

ಇಂತಹ ಅವಯವದ ಬಗ್ಗೆ ವೈದ್ಯನು ಕೇಳಬೇಕಾದ ಪ್ರಶ್ನೆಗಳು ಎರಡು. ಯಕೃತ್ತು ಹೇಗಿದೆ ಎಂಬುದು ಮೊದಲನೆಯದು. ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಕೊಡುವ ಸಾಧನಗಳು ಬಹುಕಾಲದಿಂದ ಇವೆ. ಎರಡನೆಯ ಪ್ರಶ್ನೆಗೆ ಚಿತ್ರದ ಮೂಲಕವೇ ಉತ್ತರ ದೊರಕಿಸಲು ಕಳೆದ ಎರಡು ದಶಕಗಳಲ್ಲಿ ನಡೆದಿರುವ ಪ್ರಯತ್ನವನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಆಕಾರ ಬೇರೆ, ಕೆಲಸ ಬೇರೆ

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ನಮ್ಮ ನಗರಕ್ಕೆ ಬಂದ ಮೈಸೂರು ವೈದ್ಯಕೀಯ ಕಾಲೇಜಿನಲ್ಲಾಗಲಿ ನಾಡಿನ ಬೇರಾವುದೇ ವೈದ್ಯಕೀಯ ಕಾಲೇಜಿನಲ್ಲಾಗಲಿ, ವಿದ್ಯಾರ್ಥಿಯು ಯಕೃತ್ತನ್ನು ಮೊದಲು ಅರಿಯುವುದು ತನ್ನ ಬೆರಳುಗಳಿಂದ. ರೋಗಿಗೆ ಉಸಿರನ್ನು ದೀರ್ಘವಾಗಿ ಎಳೆದುಕೊಳ್ಳಲು ಹೇಳಿ, ಪಕ್ಕೆಲುಬಿನ ಅಂಚಿನಲ್ಲಿ ಕೈಯಿಟ್ಟು, ಕೆಳಗಿಳಿಯುವ ಯಕೃತ್ತಿನ ತುದಿಯನ್ನು ಬೆರಳಿಗೆ ತಾಗಿಸಿಕೊಳ್ಳುವುದು ಅವನ ಮೊದಲ ಪಾಠಗಳಲ್ಲಿ ಒಂದು. ಯಕೃತ್ತು ಊದಿದೆಯೇ, ಗಟ್ಟಿಯಾಗಿದೆಯೇ, ಗಂಟುಗಂಟಾಗಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಯಂತ್ರಗಳು ಬಂದ ಮೇಲೆ ಇದೇ ಜ್ಞಾನ ಇನ್ನಷ್ಟು ಸ್ಪಷ್ಟವಾಯಿತು. ಆದರೆ ಇವುಗಳು ಮುಖ್ಯವಾಗಿ ಹೇಳುವುದು ಆಕಾರವನ್ನು. ಗಿರಣಿಯ ಕಟ್ಟಡವನ್ನು ಹೊರಗಿನಿಂದ ಅಳೆದ ಮಾತ್ರಕ್ಕೆ ಒಳಗೆ ಎಷ್ಟು ಮಗ್ಗಗಳು ಓಡುತ್ತಿವೆ ಎಂಬುದು ತಿಳಿಯುವುದಿಲ್ಲವಷ್ಟೆ.

ಕೆಲಸವನ್ನು ತಿಳಿಯಲು ವೈದ್ಯರು ರಕ್ತಪರೀಕ್ಷೆಯ ಮೊರೆ ಹೋದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿದೆ. ಕಾಮಾಲೆಯ ಆ ಹಳದಿಗೆ ಕಾರಣವಾದದ್ದು ಬಿಲಿರುಬಿನ್ ಎಂಬ ವರ್ಣಪದಾರ್ಥ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಇದನ್ನು ಯಕೃತ್ತು ರಕ್ತದಿಂದ ಎತ್ತಿಕೊಂಡು ಪಿತ್ತರಸದೊಡನೆ ಹೊರಗೆ ಕಳುಹಿಸುತ್ತದೆ. ಆ ಕೆಲಸ ಕುಂಠಿತವಾದರೆ ಬಿಲಿರುಬಿನ್ ರಕ್ತದಲ್ಲಿ ಉಳಿದು ಕಣ್ಣು, ಚರ್ಮಗಳನ್ನು ಹಳದಿಯಾಗಿಸುತ್ತದೆ. ಬಿಲಿರುಬಿನ್ ಎಷ್ಟಿದೆ, ಅಲ್ಬುಮಿನ್ ಎಷ್ಟಿದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬ ಮೂರು ಅಳತೆಗಳಿಗೆ, ಹೊಟ್ಟೆಯಲ್ಲಿ ನೀರು ತುಂಬಿದೆಯೇ, ಪ್ರಜ್ಞೆ ಮಂಕಾಗಿದೆಯೇ ಎಂಬ ಎರಡು ಅಂಶಗಳನ್ನು ಸೇರಿಸಿ ಅಂಕ ಕೊಡುವ ಚೈಲ್ಡ್-ಪ್ಯೂ ಎಂಬ ಕ್ರಮ 1973ರಿಂದ ಬಳಕೆಯಲ್ಲಿದೆ. ಇಂಡೋಸಯನಿನ್ ಗ್ರೀನ್ ಎಂಬ ಹಸಿರು ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ, 15 ನಿಮಿಷಗಳ ನಂತರ ಅದರಲ್ಲಿ ಎಷ್ಟು ಪಾಲು ರಕ್ತದಲ್ಲಿ ಉಳಿದಿದೆ ಎಂದು ನೋಡುವ ಪರೀಕ್ಷೆಯೂ ಇದೆ. ಯಕೃತ್ತು ಆರೋಗ್ಯವಾಗಿದ್ದರೆ ಶೇಕಡಾ 10ಕ್ಕಿಂತ ಕಡಿಮೆ ಉಳಿದಿರುತ್ತದೆ.

ಈ ಪರೀಕ್ಷೆಗಳು ಬೆಲೆಯುಳ್ಳವು. ಅವುಗಳ ಸ್ಥಾನವನ್ನು ಯಾವುದೂ ಕಸಿದುಕೊಂಡಿಲ್ಲ. ಆದರೆ ಅವುಗಳಿಗೆ ಒಂದು ಸಮಾನವಾದ ಕೊರತೆಯಿದೆ. ಅವು ಇಡೀ ಯಕೃತ್ತಿನ ಒಟ್ಟು ಲೆಕ್ಕವನ್ನು ಒಂದೇ ಸಂಖ್ಯೆಯಾಗಿ ಹೇಳುತ್ತವೆ. ಒಂದು ತರಗತಿಯ ಸರಾಸರಿ ಅಂಕವನ್ನು ತಿಳಿದ ಮಾತ್ರಕ್ಕೆ ಯಾವ ಬೆಂಚಿನ ಯಾವ ಹುಡುಗ ಹಿಂದೆ ಬಿದ್ದಿದ್ದಾನೆಂದು ಉಪಾಧ್ಯಾಯರಿಗೆ ತಿಳಿಯುವುದಿಲ್ಲ. ಯಕೃತ್ತಿನ ಬಲಭಾಗ ಸೋತು ಎಡಭಾಗ ದುಪ್ಪಟ್ಟು ದುಡಿಯುತ್ತಿದ್ದರೂ ರಕ್ತಪರೀಕ್ಷೆಯ ಸಂಖ್ಯೆ ಸರಿಯಾಗಿಯೇ ಕಾಣಬಹುದು.

ಸಾಮಾನ್ಯ ದಿನಗಳಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸದು. ಆದರೆ ಯಕೃತ್ತಿನ ಒಂದು ಭಾಗದಲ್ಲಿ ಗೆಡ್ಡೆ ಬೆಳೆದು ಅದನ್ನು ಕತ್ತರಿಸಿ ತೆಗೆಯಬೇಕಾದ ದಿನ ಬಂದಾಗ ಇದೇ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಯಕೃತ್ತಿಗೆ ಮರಳಿ ಬೆಳೆಯುವ ಶಕ್ತಿಯಿರುವುದರಿಂದ ಆರೋಗ್ಯವಂತನಲ್ಲಿ ಬಹುಭಾಗವನ್ನು ತೆಗೆದರೂ ಉಳಿದದ್ದು ಬೆಳೆದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಶಸ್ತ್ರವೈದ್ಯರ ರೂಢಿಯ ಲೆಕ್ಕದಂತೆ ಆರೋಗ್ಯವಂತ ಯಕೃತ್ತಿನಲ್ಲಿ ಕಡೆಯಪಕ್ಷ ಶೇಕಡಾ 20ರಿಂದ 30 ಭಾಗ ಉಳಿಯಬೇಕು. ಸಿರೋಸಿಸ್‌ನಿಂದ ಗಟ್ಟಿಯಾದ ಯಕೃತ್ತಿನಲ್ಲಿ ಶೇಕಡಾ 40ರಷ್ಟಾದರೂ ಉಳಿಯಬೇಕು. ಲೆಕ್ಕ ತಪ್ಪಿ ಕಡಿಮೆ ಉಳಿಸಿದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ಗೆಡ್ಡೆ ಹೊರಬಂದರೂ ರೋಗಿ ಯಕೃತ್ತಿನ ವೈಫಲ್ಯದಿಂದ ತೀರಿಕೊಳ್ಳಬಹುದು. ಅತಿಯಾದ ಭಯದಿಂದ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸಿದರೆ, ಬದುಕಬಹುದಾಗಿದ್ದವನು ಗೆಡ್ಡೆಗೆ ಬಲಿಯಾಗಬಹುದು. ಆದ್ದರಿಂದ ಉಳಿಯುವ ಭಾಗ ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಎಷ್ಟು ದುಡಿಯಬಲ್ಲದು ಎಂಬುದೂ ಮುಂಚಿತವಾಗಿ ತಿಳಿಯಬೇಕು.

ಕಾಂತ ಮತ್ತು ಅನುರಣನ

ಈ ಪ್ರಶ್ನೆಗೆ ಉತ್ತರ ನೀಡಲು ಯತ್ನಿಸುವ ಸಾಧನವೇ ಎಂ.ಆರ್.ಐ., ಅಂದರೆ ಕಾಂತೀಯ ಅನುರಣನ ಚಿತ್ರಣ. ಇದರ ತತ್ತ್ವವನ್ನು ಮೈಸೂರಿನವರಿಗೆ ವೀಣೆಯ ಮೂಲಕ ಹೇಳುವುದು ಸುಲಭ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುತ್ತದೆ. ನಮ್ಮ ದೇಹದ ಬಹುಭಾಗ ನೀರು. ನೀರಿನ ಹೈಡ್ರೋಜನ್ ಪರಮಾಣುಗಳ ಬೀಜಗಳು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ದೇಹವನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿ ಇರಿಸಿದಾಗ ಈ ಬೀಜಗಳಿಗೆ ಒಂದು ನಿಶ್ಚಿತ ಶ್ರುತಿ ಬರುತ್ತದೆ. ಅದೇ ಶ್ರುತಿಯ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ಮಿಡಿದು, ಅಲೆ ನಿಂತ ಮೇಲೆ ತಮ್ಮ ಮೊದಲ ಸ್ಥಿತಿಗೆ ಮರಳುತ್ತವೆ. ಮಿಡಿದ ಬೀಜಗಳು ಹೊರಡಿಸುವ ಕ್ಷೀಣ ಸಂಕೇತವನ್ನು ಹಿಡಿದು ಗಣಕಯಂತ್ರವು ಚಿತ್ರವನ್ನು ರಚಿಸುತ್ತದೆ. ಆಸ್ಪತ್ರೆಗಳ ಯಂತ್ರಗಳಲ್ಲಿ ಕಾಂತಕ್ಷೇತ್ರದ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ; ಇದು ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಕ್ಷ-ಕಿರಣಗಳ ಬಳಕೆ ಇಲ್ಲಿ ಇಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ ಎಂಬುದನ್ನು ಬಹಳ ಮಂದಿ ಅರಿಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಮೈಸೂರು ಸಂಸ್ಥಾನವು 1907ರಲ್ಲಿ ಸುಮಾರು 370 ಎಕರೆ ಭೂಮಿಯನ್ನು ದಾನವಾಗಿ ನೀಡಿತು. 1909ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ವರದಿ ಮಾಡಿದ್ದು 1946ರಲ್ಲಿ. ಅದಾದ ಐದೇ ವರ್ಷಗಳಲ್ಲಿ, 1951ರಲ್ಲಿ, ಬೆಂಗಳೂರಿನ ಆ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆಂಬುದನ್ನು ಅಳೆದು ಪ್ರಕಟಿಸಿದರು. ರಕ್ತದ ಹರಿವನ್ನು ಕಾಂತೀಯ ಅನುರಣನದಿಂದ ಅಳೆಯುವ ಇಂದಿನ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಆ ಪ್ರಯೋಗವನ್ನು ಮೊದಲಲ್ಲೇ ಸ್ಮರಿಸುತ್ತಾರೆ. 1973ರಲ್ಲಿ ಲಾಟರ್‌ಬರ್ ಅವರು ಅನುರಣನದಿಂದ ಚಿತ್ರವನ್ನು ಪಡೆಯಬಹುದೆಂದು ತೋರಿಸಿದರು. ಅದಕ್ಕಾಗಿ ಮ್ಯಾನ್ಸ್‌ಫೀಲ್ಡ್ ಅವರೊಡನೆ 2003ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಫೂರಿಯೇ ಗಣಿತಾಧಾರಿತ ಚಿತ್ರರಚನೆಯ ಕ್ರಮವನ್ನು 1975ರಲ್ಲಿ ಜೂರಿಚ್ ನಗರದಿಂದ ಪ್ರಕಟಿಸಿದವರು ಮೂವರು: ಅನಿಲ್ ಕುಮಾರ್, ವೆಲ್ಟಿ ಮತ್ತು ಅರ್ನ್‌ಸ್ಟ್. ಇವರಲ್ಲಿ ಮೊದಲನೆಯವರು ಬಳಿಕ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ನೀರಿನ ಕೊಳವೆಯನ್ನಿಟ್ಟುಕೊಂಡು ಕುತೂಹಲಕ್ಕಾಗಿ ನಡೆದ ಪ್ರಯೋಗ ಮುಂದೊಂದು ದಿನ ರೋಗಿಯ ಹಾಸಿಗೆಯ ಬಳಿಗೆ ಬರುತ್ತದೆಂದು ಆಗ ಯಾರು ಹೇಳಬಹುದಾಗಿತ್ತು?

ಗ್ಯಾಡೋಲಿನಿಯಂ ಎಂಬ ಸಹಾಯಕ

ಬರಿಯ ಎಂ.ಆರ್.ಐ. ಚಿತ್ರವೂ ಬಹುಮಟ್ಟಿಗೆ ಆಕಾರವನ್ನೇ ಹೇಳುತ್ತದೆ. ಕೆಲಸವನ್ನು ಕಾಣಬೇಕಾದರೆ, ಯಕೃತ್ತಿಗೆ ಒಂದು ಕೆಲಸವನ್ನು ಕೊಟ್ಟು ಅದು ಮಾಡುವುದನ್ನು ನೋಡುತ್ತಿರಬೇಕು. ಅದಕ್ಕಾಗಿ ರಕ್ತನಾಳದ ಮೂಲಕ ಕೊಡುವ ದ್ರವವನ್ನು ಆಸ್ಪತ್ರೆಯಲ್ಲಿ ಕಾಂಟ್ರಾಸ್ಟ್ ಎಂದು ಕರೆಯುತ್ತಾರೆ. ಎಂ.ಆರ್.ಐ. ಕಾಂಟ್ರಾಸ್ಟ್‌ಗಳಲ್ಲಿ ಮುಖ್ಯವಾದವು ಗ್ಯಾಡೋಲಿನಿಯಂ ಎಂಬ ಲೋಹದಿಂದ ಆದವು. 1880ರಲ್ಲಿ ಪತ್ತೆಯಾದ, 64ನೆಯ ಪರಮಾಣು ಸಂಖ್ಯೆಯ ಈ ಧಾತುವಿನ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಆದ್ದರಿಂದ ಅದು ಪ್ರಬಲವಾದ ಸೂಕ್ಷ್ಮಕಾಂತದಂತೆ ವರ್ತಿಸಿ, ತನ್ನ ಬಳಿ ಸುಳಿದ ನೀರಿನ ಹೈಡ್ರೋಜನ್ ಬೀಜಗಳನ್ನು ಬೇಗ ಬೇಗ ಮೊದಲ ಸ್ಥಿತಿಗೆ ಮರಳಿಸುತ್ತದೆ. ಹೀಗೆ ಮರಳಲು ಬೇಕಾದ ಕಾಲವನ್ನು ಟಿ-1 ಎಂದು ಕರೆಯುವುದು ರೂಢಿ. ಟಿ-1 ಕಡಿಮೆಯಾದ ಕಡೆ ಚಿತ್ರ ಬೆಳ್ಳಗೆ ಬೆಳಗುತ್ತದೆ.

ಗ್ಯಾಡೋಲಿನಿಯಂ ತನ್ನ ಬಿಡಿ ರೂಪದಲ್ಲಿ ವಿಷ. ಆದುದರಿಂದ ರಸಾಯನಶಾಸ್ತ್ರಜ್ಞರು ಅದನ್ನು ಬೇರೊಂದು ಅಣುವಿನ ಹಿಡಿತದಲ್ಲಿ ಬಿಗಿಯಾಗಿ ಬಂಧಿಸಿ ದೇಹಕ್ಕೆ ಕೊಡುತ್ತಾರೆ. ಇಂತಹ ಮೊದಲ ಔಷಧ 1988ರಲ್ಲಿ ಬಳಕೆಗೆ ಬಂದಿತು. ಅದು ಜೀವಕೋಶಗಳ ಒಳಹೊಕ್ಕದೆ, ರಕ್ತದಲ್ಲಿಯೂ ಕೋಶಗಳ ನಡುವಣ ಅವಕಾಶದಲ್ಲಿಯೂ ಸುಳಿದು, ಮೂತ್ರಪಿಂಡಗಳ ಮೂಲಕ ಹೊರಗೆ ಹೋಗುತ್ತದೆ. ರಕ್ತ ಎಲ್ಲಿ ಹರಿಯುತ್ತಿದೆ ಎಂಬುದನ್ನು ಅದು ಹೇಳಬಲ್ಲದು. ಯಕೃತ್ತಿನ ಕೋಶ ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳಲಾರದು. ಆ ಅಣುವಿಗೆ ಕೊಬ್ಬಿನೊಡನೆ ಬೆರೆಯುವ ಸ್ವಭಾವದ ಒಂದು ಬಾಲವನ್ನು ಜೋಡಿಸಿದಾಗ ಹೊಸ ಗುಣ ಬಂದಿತು. ಗ್ಯಾಡಾಕ್ಸೆಟೇಟ್ ಎಂಬ ಈ ಔಷಧವನ್ನು ಯಕೃತ್ತಿನ ಕೋಶಗಳು ಎತ್ತಿಕೊಳ್ಳುತ್ತವೆ. ಇದಕ್ಕೆ 2004ರಲ್ಲಿ ಸ್ವೀಡನ್‌ನಲ್ಲಿಯೂ 2008ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ದೇಹದ ತೂಕದ ಕಿಲೋಗ್ರಾಂ ಒಂದಕ್ಕೆ 0.1 ಮಿಲಿಲೀಟರಿನಂತೆ ಕೊಡುವುದರಿಂದ, 60 ಕಿಲೋಗ್ರಾಂ ತೂಗುವವರಿಗೆ ಕೇವಲ 6 ಮಿಲಿಲೀಟರು ಸಾಕು.

ಮುಂಬಾಗಿಲು ಮತ್ತು ಹಿಂಬಾಗಿಲು

ದೇವರಾಜ ಮಾರುಕಟ್ಟೆಯ ಮಳಿಗೆಯೊಂದನ್ನು ಕಲ್ಪಿಸಿಕೊಳ್ಳಿರಿ. ಬೀದಿಯಲ್ಲಿ ಬಂದ ಮೂಟೆಯನ್ನು ಹಮಾಲಿಗಳು ಮುಂಬಾಗಿಲಿನಿಂದ ಒಳಗೆ ಹೊರುತ್ತಾರೆ; ಬೇರೆ ಹಮಾಲಿಗಳು ಅದನ್ನು ಹಿಂಬಾಗಿಲಿನಿಂದ ಓಣಿಗೆ ಸಾಗಿಸುತ್ತಾರೆ. ಯಕೃತ್ತಿನ ಪ್ರತಿಯೊಂದು ಕೋಶಕ್ಕೂ ಹೀಗೆಯೇ ಎರಡು ಮುಖಗಳಿವೆ: ಒಂದು ರಕ್ತದ ಕಡೆಗೆ, ಇನ್ನೊಂದು ಪಿತ್ತನಾಳದ ಕಡೆಗೆ. ರಕ್ತದ ಕಡೆಯ ಮುಖದಲ್ಲಿ ಓಎಟಿಪಿ-1ಬಿ1, ಓಎಟಿಪಿ-1ಬಿ3 ಎಂಬ ಹೆಸರಿನ ವಾಹಕ ಸಸಾರಜನಕಗಳು ನಿಂತು ಸರಕನ್ನು ಒಳಗೆ ತರುತ್ತವೆ. ಪಿತ್ತದ ಕಡೆಯ ಮುಖದಲ್ಲಿ ಎಂಆರ್‌ಪಿ-2 ಎಂಬ ವಾಹಕವು ಅದನ್ನು ಹೊರಗೆ ಹಾಕುತ್ತದೆ. ಬಿಲಿರುಬಿನ್ ಸಾಗಾಣಿಕೆಯಲ್ಲಿ ಭಾಗವಹಿಸುವ ವಾಹಕಗಳೂ ಇವೇ. ಗ್ಯಾಡಾಕ್ಸೆಟೇಟ್ ಈ ಹಮಾಲಿಗಳ ಹೆಗಲನ್ನೇ ಏರಿ ಒಳಗೆ ಬರುತ್ತದೆ. ಆದ್ದರಿಂದ ಅದನ್ನು ಎತ್ತಿಕೊಳ್ಳುವ ಶಕ್ತಿಯನ್ನು ಅಳೆದರೆ, ಯಕೃತ್ತು ತನ್ನ ಸಹಜ ಕರ್ತವ್ಯಗಳಲ್ಲಿ ಒಂದನ್ನು ಹೇಗೆ ಮಾಡುತ್ತಿದೆ ಎಂಬುದನ್ನೇ ಅಳೆದಂತಾಗುತ್ತದೆ.

ಆರೋಗ್ಯವಂತರಲ್ಲಿ ಈ ಔಷಧದ ಸುಮಾರು ಅರ್ಧಭಾಗ ಯಕೃತ್ತಿನ ಮೂಲಕ ಪಿತ್ತದಲ್ಲಿಯೂ ಉಳಿದರ್ಧ ಮೂತ್ರಪಿಂಡಗಳ ಮೂಲಕವೂ ಹೊರಗೆ ಹೋಗುತ್ತದೆ. ಯಕೃತ್ತು ಸೋತಾಗ ಮೂತ್ರಪಿಂಡಗಳ ಪಾಲು ಹೆಚ್ಚುತ್ತದೆ. ಚುಚ್ಚಿದ ಅರ್ಧ ನಿಮಿಷದೊಳಗೆ ಅದು ಅಪಧಮನಿಗಳಲ್ಲಿ ಕಾಣಿಸುತ್ತದೆ. ಒಂದು ನಿಮಿಷ ಕಳೆದ ಮೇಲೆ ಪೋರ್ಟಲ್ ಅಭಿಧಮನಿಯಲ್ಲಿ. ಸುಮಾರು 20 ನಿಮಿಷಗಳಾದಾಗ ಯಕೃತ್ತಿನ ಕೋಶಗಳಲ್ಲಿ ತುಂಬಿಕೊಂಡು ಪಿತ್ತನಾಳಗಳಿಗೂ ಇಳಿಯತೊಡಗಿರುತ್ತದೆ. ಆ 20ನೆಯ ನಿಮಿಷದ ಚಿತ್ರವೇ ಈ ಪರೀಕ್ಷೆಯ ಜೀವಾಳ.

ಭಾನುವಾರದ ಸಂಜೆ ಅರಮನೆಯ ಮುಂದೆ ನಿಂತವರಿಗೆ ಆ ಚಿತ್ರವನ್ನು ವರ್ಣಿಸುವುದು ಕಷ್ಟವಲ್ಲ. ಕತ್ತಲೆಯಲ್ಲಿ ಬರಿಯ ಆಕಾರವಾಗಿ ನಿಂತಿದ್ದ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೆ ಹೊತ್ತಿಕೊಂಡಾಗ, ಎಲ್ಲಿಯಾದರೂ ಒಂದು ಸಾಲು ದೀಪ ಉರಿಯದಿದ್ದರೆ ಆ ಕಪ್ಪು ಜಾಗ ತಟ್ಟನೆ ಕಣ್ಣಿಗೆ ಬೀಳುತ್ತದೆ. ಹಾಗೆಯೇ ಆರೋಗ್ಯವಂತ ಯಕೃತ್ತು ಸಮನಾಗಿ ಬೆಳಗುತ್ತದೆ. ಯಕೃತ್ತಿನ ಕ್ಯಾನ್ಸರ್ ಗೆಡ್ಡೆಗಳಲ್ಲಿ ಹೆಚ್ಚಿನವು ಈ ವಾಹಕಗಳನ್ನು ಕಳೆದುಕೊಂಡಿರುವುದರಿಂದ ಕಪ್ಪಾಗಿ ಕಾಣುತ್ತವೆ. ಬೇರೆ ಅವಯವಗಳಿಂದ ಹರಡಿಬಂದ ಗೆಡ್ಡೆಗಳೂ ಹಾಗೆಯೇ. ಸಿರೋಸಿಸ್ ಬಲಿತ ಯಕೃತ್ತಾದರೆ ಒಟ್ಟಾರೆಯೇ ಮಂಕಾಗಿ, ಹಲವೆಡೆ ಮಚ್ಚೆಮಚ್ಚೆಯಾಗಿ ತೋರುತ್ತದೆ.

ಚಿತ್ರದಿಂದ ಲೆಕ್ಕಕ್ಕೆ

ಬೆಳಕನ್ನು ಕಂಡು ಮೆಚ್ಚುವುದು ಒಂದು. ಅದನ್ನು ಅಳೆಯುವುದು ಇನ್ನೊಂದು. ಅಳತೆಯ ಸರಳವಾದ ಕ್ರಮ ಹೀಗಿದೆ. ಔಷಧ ಕೊಡುವ ಮುನ್ನ ಯಕೃತ್ತಿನ ಹೊಳಪು ಎಷ್ಟಿತ್ತು, 20 ನಿಮಿಷಗಳ ಮೇಲೆ ಎಷ್ಟಾಯಿತು ಎಂದು ನೋಡಿ, ಹೆಚ್ಚಳವನ್ನು ಮೊದಲಿನ ಹೊಳಪಿನಿಂದ ಭಾಗಿಸುವುದು. ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆ: ಮೊದಲು 400 ಇದ್ದ ಹೊಳಪು 760 ಆದರೆ ಹೆಚ್ಚಳ ಶೇಕಡಾ 90, 520 ಮಾತ್ರ ಆದರೆ ಶೇಕಡಾ 30. ಗುಲ್ಮಕ್ಕೆ ಈ ಔಷಧವನ್ನು ಎತ್ತಿಕೊಳ್ಳುವ ಕೋಶಗಳಿಲ್ಲವಾದ್ದರಿಂದ ಅದರ ಹೊಳಪಿನೊಡನೆ ಹೋಲಿಸಿ ನೋಡುವುದೂ ಉಂಟು. ಹೊಳಪಿನ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ, ಟಿ-1 ಕಾಲವನ್ನೇ ಮಿಲಿಸೆಕೆಂಡುಗಳಲ್ಲಿ ಅಳೆದು ಅದು ಎಷ್ಟು ಇಳಿಯಿತೆಂದು ನೋಡುವ ಕ್ರಮ ಇನ್ನೂ ಹೆಚ್ಚು ನಂಬಲರ್ಹ. ಆರೋಗ್ಯವಂತ ಯಕೃತ್ತಿನಲ್ಲಿ ಟಿ-1 ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ರೋಗ ಬಲಿತಂತೆ ಇಳಿಕೆ ಕಿರಿದಾಗುತ್ತದೆ.

ಆಸ್ಟ್ರಿಯ ದೇಶದ ವಿಯೆನ್ನಾದ ತಜ್ಞರು ಗಣಿತದ ತೊಡಕಿಲ್ಲದ ಇನ್ನೊಂದು ಉಪಾಯವನ್ನು ರೂಪಿಸಿದರು. 20ನೆಯ ನಿಮಿಷದ ಚಿತ್ರವನ್ನು ನೋಡಿ ಮೂರು ಪ್ರಶ್ನೆ ಕೇಳಬೇಕು: ಯಕೃತ್ತು ಮೂತ್ರಪಿಂಡಕ್ಕಿಂತ ಹೆಚ್ಚು ಬೆಳಗಿದೆಯೇ? ಔಷಧ ಪಿತ್ತನಾಳದಲ್ಲಿ ಎಷ್ಟು ದೂರ ಇಳಿದಿದೆ? ಪೋರ್ಟಲ್ ಅಭಿಧಮನಿಯು ಯಕೃತ್ತಿಗಿಂತ ಕಪ್ಪಾಗಿದೆಯೇ? ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 6. ದೀರ್ಘಕಾಲದ ಯಕೃತ್ತಿನ ರೋಗವುಳ್ಳವರಲ್ಲಿ 4 ಅಥವಾ ಹೆಚ್ಚು ಅಂಕ ಪಡೆದವರ ಮುನ್ನೋಟ ಕಡಿಮೆ ಪಡೆದವರಿಗಿಂತ ಉತ್ತಮವೆಂದು ಅವರ ಅಧ್ಯಯನದಲ್ಲಿ ಕಂಡುಬಂದಿತು.

ಈಗ ಶಸ್ತ್ರವೈದ್ಯನ ಪ್ರಶ್ನೆಗೆ ಹಿಂತಿರುಗೋಣ. ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿರಿ. ಇಬ್ಬರ ಯಕೃತ್ತೂ 1200 ಮಿಲಿಲೀಟರು ಗಾತ್ರದ್ದು; ಬಲಭಾಗದ ಗೆಡ್ಡೆ ತೆಗೆದ ಮೇಲೆ ಇಬ್ಬರಲ್ಲಿಯೂ ಉಳಿಯುವುದು 420 ಮಿಲಿಲೀಟರು, ಅಂದರೆ ಶೇಕಡಾ 35. ಗಾತ್ರವನ್ನಷ್ಟೇ ನೋಡಿದರೆ ಇಬ್ಬರೂ ಸಮಾನರು. ಆದರೆ ಉಳಿಯುವ ಭಾಗದ ಹೊಳಪಿನ ಹೆಚ್ಚಳ ಒಬ್ಬನಲ್ಲಿ ಶೇಕಡಾ 90, ಇನ್ನೊಬ್ಬನಲ್ಲಿ ಶೇಕಡಾ 30 ಎಂದಾದರೆ, ಗಾತ್ರ ಮತ್ತು ಹೆಚ್ಚಳಗಳನ್ನು ಗುಣಿಸಿದಾಗ ಮೊದಲನೆಯವನಿಗೆ 378, ಎರಡನೆಯವನಿಗೆ 126 ಬರುತ್ತದೆ. ಎರಡನೆಯವನ ಬಂಡವಾಳ ಮೊದಲನೆಯವನದರ ಮೂರನೆಯ ಒಂದು ಭಾಗ ಮಾತ್ರ. ಇಂತಹವನಿಗೆ ವೈದ್ಯರು ಬೇರೆ ದಾರಿ ಯೋಚಿಸುತ್ತಾರೆ. ಕಡಿಮೆ ಕತ್ತರಿಸುವುದೋ, ರೋಗಗ್ರಸ್ತ ಭಾಗಕ್ಕೆ ಹೋಗುವ ಪೋರ್ಟಲ್ ಕವಲನ್ನು ಮುಂಚೆಯೇ ಮುಚ್ಚಿ, ಕೆಲವು ವಾರಗಳಲ್ಲಿ ಉಳಿಯುವ ಭಾಗ ಬೆಳೆಯಲು ಅವಕಾಶ ಕೊಡುವುದೋ, ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಇತರ ಚಿಕಿತ್ಸೆ ಮಾಡುವುದೋ ಎಂದು ನಿರ್ಧರಿಸುತ್ತಾರೆ. ರಕ್ತಪರೀಕ್ಷೆ ಹೇಳಲಾರದ ಸಂಗತಿ ಇದು: ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂಬುದು.

ಎಚ್ಚರಿಕೆಯ ಮಾತು

ಹೊಸ ವಿದ್ಯೆಯನ್ನು ಹೊಗಳುವಾಗ ಅದರ ಮಿತಿಯನ್ನು ಮರೆಮಾಚಬಾರದು. ಈ ಪರೀಕ್ಷೆ ಮುಖ್ಯವಾಗಿ ಅಳೆಯುವುದು ಎತ್ತಿಕೊಳ್ಳುವ ಮತ್ತು ಸಾಗಿಸುವ ಶಕ್ತಿಯನ್ನು. ರೋಟರ್ ಸಿಂಡ್ರೋಮ್ ಎಂಬ ಅಪರೂಪದ ವಂಶಪಾರಂಪರ್ಯ ಸ್ಥಿತಿಯಲ್ಲಿ ಮುಂಬಾಗಿಲಿನ ಎರಡೂ ವಾಹಕಗಳು ಇರುವುದಿಲ್ಲವೆಂದು 2012ರಲ್ಲಿ ತಿಳಿದುಬಂದಿತು. ಅಂತಹವರಿಗೆ ತುಸು ಕಾಮಾಲೆಯ ಹೊರತು ಬೇರೆ ತೊಂದರೆಯಿಲ್ಲ. ಆದರೂ ಅವರ ಯಕೃತ್ತು ಈ ಚಿತ್ರದಲ್ಲಿ ಬೆಳಗುವುದಿಲ್ಲ. ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಮಳಿಗೆಯೇ ಹಾಳಾಗಿದೆ ಎಂದು ತಿಳಿಯಬಾರದೆಂಬುದಕ್ಕೆ ಇದು ನಿದರ್ಶನ. ಪಿತ್ತನಾಳ ಕಟ್ಟಿಕೊಂಡು ಬಿಲಿರುಬಿನ್ ಬಹಳ ಏರಿದ್ದರೂ, ಯಕೃತ್ತಿನಲ್ಲಿ ಕಬ್ಬಿಣ ಅತಿಯಾಗಿ ಸೇರಿದ್ದರೂ ಅಳತೆ ಕೆಡುತ್ತದೆ. ಎಲ್ಲ ಆಸ್ಪತ್ರೆಗಳೂ ಒಪ್ಪಿ ಅನುಸರಿಸುವ ಒಂದೇ ಅಳತೆಗೋಲು ಇನ್ನೂ ನೆಲೆಗೊಂಡಿಲ್ಲ.

ಗ್ಯಾಡೋಲಿನಿಯಂ ಬಗೆಗೂ ಎಚ್ಚರ ಅಗತ್ಯ. ಮೂತ್ರಪಿಂಡಗಳು ತೀವ್ರವಾಗಿ ಸೋತವರಲ್ಲಿ ಚರ್ಮ ಮತ್ತು ಇತರ ಅಂಗಗಳು ಗಟ್ಟಿಯಾಗುವ ಒಂದು ಭೀಕರ ರೋಗಕ್ಕೂ ಕೆಲವು ಗ್ಯಾಡೋಲಿನಿಯಂ ಔಷಧಗಳಿಗೂ ಸಂಬಂಧವಿದೆಯೆಂದು 2006ರಲ್ಲಿ ಕಂಡುಬಂದಿತು. ಆದ್ದರಿಂದ ಪರೀಕ್ಷೆಗೆ ಮುನ್ನ ಮೂತ್ರಪಿಂಡಗಳ ಸ್ಥಿತಿಯನ್ನು ವಿಚಾರಿಸುತ್ತಾರೆ. ಸಂಶಯವಿದ್ದರೆ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರಪಿಂಡದ ಕಾಯಿಲೆಯಿರುವವರು ಅದನ್ನು ತಾವಾಗಿಯೇ ತಿಳಿಸಬೇಕು. ಈ ಲೋಹದ ಅತ್ಯಲ್ಪ ಅಂಶ ಮೆದುಳಿನಲ್ಲಿ ಉಳಿಯಬಹುದೆಂದು ತಿಳಿದ ಮೇಲೆ, 2017ರಲ್ಲಿ ಯೂರೋಪಿನ ಔಷಧ ನಿಯಂತ್ರಕರು ಈ ಬಗೆಯ ಹಲವು ಔಷಧಗಳ ಬಳಕೆಯನ್ನು ತಡೆದರು. ಆದರೆ ಗ್ಯಾಡಾಕ್ಸೆಟೇಟನ್ನು ಯಕೃತ್ತಿನ ಚಿತ್ರಣಕ್ಕೆಂದು, ಬೇರೆ ದಾರಿಯಿಂದ ದೊರೆಯದ ಮಾಹಿತಿ ಅದರಿಂದ ದೊರೆಯುವುದೆಂಬ ಕಾರಣಕ್ಕಾಗಿ, ಉಳಿಸಿಕೊಂಡರು.

ಪರೀಕ್ಷೆಗೆ ಹೋಗುವವರು ಅಂಜಬೇಕಾಗಿಲ್ಲ. ಕೆಲವು ಗಂಟೆ ಉಪವಾಸವಿರಬೇಕು; ಮೈಮೇಲಿನ ಒಡವೆ, ಕೈಗಡಿಯಾರ ಮೊದಲಾದ ಲೋಹದ ವಸ್ತುಗಳನ್ನು ತೆಗೆದಿಡಬೇಕು; ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ, ದೇಹದಲ್ಲಿ ಲೋಹದ ಚೂರುಗಳಿದ್ದರೆ ಮೊದಲೇ ಹೇಳಬೇಕು. ಯಂತ್ರದ ಸುರಂಗದೊಳಗೆ ಸುತ್ತಿಗೆ ಬಡಿದಂತಹ ಸದ್ದು ಕೇಳಿಸುತ್ತದೆ. ಅದು ಅಪಾಯದ ಸೂಚನೆಯಲ್ಲ. ಉಸಿರನ್ನು ಹದಿನೈದು-ಇಪ್ಪತ್ತು ಸೆಕೆಂಡು ಬಿಗಿಹಿಡಿಯಿರಿ ಎಂದಾಗ ಹಾಗೆಯೇ ಮಾಡಿದರೆ ಚಿತ್ರ ಅಲುಗಾಡದೆ ಬರುತ್ತದೆ. ಒಟ್ಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ.

ಇನ್ನೊಂದು ಮಾತು. ಇದು ಎಲ್ಲರೂ ಮಾಡಿಸಿಕೊಳ್ಳಬೇಕಾದ ಪರೀಕ್ಷೆಯಲ್ಲ. ವೆಚ್ಚದ ಪರೀಕ್ಷೆಯೂ ಹೌದು. ಹೊಟ್ಟೆ ಉಬ್ಬರಿಸಿತೆಂದು, ರಕ್ತಪರೀಕ್ಷೆಯ ಒಂದು ಅಂಕಿ ತುಸು ಏರಿತೆಂದು ಇದನ್ನು ಬೇಡುವುದು ವಿವೇಕವಲ್ಲ. ವೈದ್ಯನ ಕೈ, ಸಾಮಾನ್ಯ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಇವುಗಳಿಂದ ಬಹುಪಾಲು ರೋಗಿಗಳ ಪ್ರಶ್ನೆ ಬಗೆಹರಿಯುತ್ತದೆ. ಗೆಡ್ಡೆಯ ಸ್ವರೂಪ ಸಂದಿಗ್ಧವಾದಾಗ, ಶಸ್ತ್ರಚಿಕಿತ್ಸೆಯ ಲೆಕ್ಕ ಸೂಕ್ಷ್ಮವಾದಾಗ, ತಜ್ಞರ ಸಲಹೆಯ ಮೇರೆಗೆ ಇದಕ್ಕೆ ಬೆಲೆ ಬರುತ್ತದೆ.

ಮುಗಿಸುವ ಮುನ್ನ

ಯಕೃತ್ತನ್ನು ಅಳೆಯುವ ವಿದ್ಯೆ ಎಷ್ಟೇ ಮುಂದುವರಿದರೂ ಅದನ್ನು ಕಾಪಾಡುವ ವಿದ್ಯೆ ನಮ್ಮ ಮನೆಯಲ್ಲಿಯೇ ಇದೆ. ಹೆಪಟೈಟಿಸ್-ಬಿ ಲಸಿಕೆಯನ್ನು 2011ರ ವೇಳೆಗೆ ಭಾರತದಾದ್ಯಂತ ಶಿಶುಗಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಲಾಯಿತು. ಅದಕ್ಕೆ ಮುಂಚೆ ಜನಿಸಿ ಲಸಿಕೆ ಪಡೆಯದವರು ವೈದ್ಯರನ್ನು ವಿಚಾರಿಸುವುದು ಒಳಿತು. ಮದ್ಯವು ಯಕೃತ್ತಿನ ಕೋಶಗಳಿಗೆ ನೇರವಾದ ವಿಷ. ಸಕ್ಕರೆ ಕಾಯಿಲೆ, ಬೊಜ್ಜು, ನಡಿಗೆಯಿಲ್ಲದ ದಿನಚರಿ ಇವುಗಳಿಂದ ಯಕೃತ್ತಿನಲ್ಲಿ ಕೊಬ್ಬು ಸೇರಿ, ವರದಿಗಳಲ್ಲಿ ಫ್ಯಾಟಿ ಲಿವರ್ ಎಂದು ಬರುವ ಸ್ಥಿತಿ ಉಂಟಾಗುತ್ತದೆ. ಮದ್ಯವನ್ನು ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಕಾಮಾಲೆ ಬಂದಾಗ ಅದರ ಕಾರಣವನ್ನು ಪತ್ತೆಮಾಡದೆ ಕೇವಲ ಕಟ್ಟು ಔಷಧಿಯನ್ನು ನಂಬಿ ದಿನ ಕಳೆಯುವುದು ಅಪಾಯಕರ. ಕಾಮಾಲೆ ಒಂದು ರೋಗವಲ್ಲ, ಅನೇಕ ರೋಗಗಳ ಗುರುತು.

ವಿಜ್ಞಾನ ವಿಷಯವನ್ನು ಆರಿಸಿಕೊಂಡಿರುವ ನಮ್ಮ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನಪಿನಲ್ಲಿಡಲಿ. ಈ ಒಂದು ಪರೀಕ್ಷೆಯಲ್ಲಿ ಭೌತಶಾಸ್ತ್ರಜ್ಞನ ಕಾಂತವಿದೆ, ರಸಾಯನಶಾಸ್ತ್ರಜ್ಞನ ಅಣುವಿದೆ, ಗಣಿತಜ್ಞನ ಸೂತ್ರವಿದೆ, ಜೀವಶಾಸ್ತ್ರಜ್ಞನು ಕಂಡುಹಿಡಿದ ವಾಹಕವಿದೆ. ಕೊನೆಯಲ್ಲಿ, ಇಷ್ಟು ಉಳಿಸಿದರೆ ಈತ ಬದುಕಿಯಾನೇ ಎಂದು ಯೋಚಿಸುವ ವೈದ್ಯನ ವಿವೇಕವಿದೆ. ಇವರಲ್ಲಿ ಯಾರೊಬ್ಬರನ್ನು ಬಿಟ್ಟರೂ ಆ ದೀಪ ಹೊತ್ತಿಕೊಳ್ಳುತ್ತಿರಲಿಲ್ಲ. ಶತಮಾನಕ್ಕೂ ಹಿಂದೆ ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ ನಿಂತು, ಕೊಳವೆಯಲ್ಲಿ ಹರಿಯುವ ದ್ರವವನ್ನು ಒಬ್ಬರು ಅಳೆದರು. ಮುಂದಿನ ಅಳತೆಯನ್ನು ಮಾಡುವವರು ಇಂದು ನಮ್ಮ ಬೆಂಚುಗಳ ಮೇಲೆಯೇ ಕುಳಿತಿರಬಹುದು.